ಚಳಿಗಾಲದಲ್ಲಿ ನಮ್ಮ ತೋಟಕ್ಕೆ, ಕೆರೆಗೆ ಯಾರ್ಯಾರು ಬರ್ತಾರೆ, ಅದನ್ನ ಊರ ಮಕ್ಕಳಿಗೆ ತೋರ್ಸೋದು ಹೇಗೆ

ಕಾಫಿ ಕೊಯ್ಲು ಶುರುವಾಯ್ತು ಅಂದ್ರೆ ಚಿಕ್ಕಮಗಳೂರು ಸುತ್ತಮುತ್ತ ಯಾರಿಗೂ ಪುರುಸೊತ್ತಿರಲ್ಲ, ಹಣ್ಣು ಉದುರ್ತಾ ಇರುತ್ತೆ, ಆಳು ಸಿಗಲ್ಲ, ಕಣದಲ್ಲಿ ಕಾಫಿ ಹರಡಿರುತ್ತೆ, ಸ್ವಲ್ಪ ಮೋಡ ಕಂಡ್ರೂ ಎದೆ ಡವಡವ ಅನ್ನುತ್ತೆ. ಇದರ ಮಧ್ಯೆ ಹಕ್ಕಿ ನೋಡೋಕೆ ಯಾರ್ ಹೋಗ್ತಾರೆ ಮಾರಾಯ್ರೆ ಅಂತ ಕೇಳ್ತಾರೆ. ಆದ್ರೆ ಊರಿನ ಮಕ್ಕಳಿಗೂ ದೊಡ್ಡೋರಿಗೂ ತೋಟ, ಕೆರೆ, ಕಾಡಿನ ಬಗ್ಗೆ ಹೇಳ್ಕೊಡೋಕೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಈ ನಾಲ್ಕು ತಿಂಗಳಿಗಿಂತ ಒಳ್ಳೆ ಕಾಲ ಇನ್ನೊಂದಿಲ್ಲ. ಮಳೆಗಾಲದಲ್ಲಿ ಜಿಗಣೆ, ಕೆಸರು, ಎದುರಿಗೆ ನಿಂತವರೇ ಕಾಣಲ್ಲ. ಬೇಸಿಗೆಯಲ್ಲಿ ಪರೀಕ್ಷೆ, ಆಮೇಲೆ ಮದುವೆ ಮುಂಜಿ. ಚಳಿಗಾಲದಲ್ಲಿ ಆಕಾಶ ತಿಳಿಯಾಗಿರುತ್ತೆ, ಕೆರೆ ತುಂಬಿರುತ್ತೆ, ಎಲ್ಲಕ್ಕಿಂತ ಮುಖ್ಯವಾಗಿ ಆಗ ನಮ್ಮೂರಲ್ಲಿ ಇರೋ ಹಕ್ಕಿಗಳಲ್ಲಿ ಎಷ್ಟೋ ಜಾತಿ ಮಳೆಗಾಲದಲ್ಲಿ ಇಲ್ಲಿರೋದೇ ಇಲ್ಲ.

ಹಾಗಾದ್ರೆ ಅವು ಯಾಕೆ ಬರ್ತಾವೆ? ಅಲ್ಲಿ ಚಳಿ ಜಾಸ್ತಿ, ಅದಕ್ಕೇ ಬೆಚ್ಚಗಿರೋ ಕಡೆ ಬರ್ತಾವೆ ಅಂತ ಎಲ್ಲರೂ ಹೇಳೋ ಉತ್ತರ. ಅದು ಅರ್ಧ ಮಾತ್ರ ಸರಿ. ಹಕ್ಕಿಗೆ ಚಳಿ ತಡೆಯೋಕೆ ಪುಕ್ಕ ಇದೆ, ಬೆಳಿಗ್ಗೆ ಹೊತ್ತು ಪಿಕಳಾರ ಮೈಯೆಲ್ಲಾ ಉಬ್ಬಿಸ್ಕೊಂಡು ಕೂತಿರೋದನ್ನ ನೋಡಿರ್ತೀರಲ್ಲ, ಪುಕ್ಕದ ಒಳಗೆ ಗಾಳಿ ಹಿಡಿದಿಟ್ಕೊಂಡು ಮೈ ಬಿಸಿ ಹೊರಗೆ ಹೋಗದ ಹಾಗೆ ಮಾಡ್ಕೊಂಡಿರುತ್ತೆ ಅದು. ಹಿಮ ಬೀಳೋ ದೇಶದಲ್ಲೇ ಇಡೀ ಚಳಿಗಾಲ ಕಳೆಯೋ ಹಕ್ಕಿಗಳೂ ಬೇಕಾದಷ್ಟಿವೆ. ನಿಜವಾದ ಸಮಸ್ಯೆ ಊಟದ್ದು. ಸೈಬೀರಿಯಾದಲ್ಲಿ, ಮಧ್ಯ ಏಷ್ಯಾದಲ್ಲಿ, ಹಿಮಾಲಯದ ಮೇಲೆ ಅಕ್ಟೋಬರ್ ದಾಟಿದ್ರೆ ಹುಳ ಹುಪ್ಪಟೆ ಇರಲ್ಲ, ಕೆರೆ ಮೇಲೆ ಮಂಜುಗಡ್ಡೆ ಕಟ್ಟುತ್ತೆ, ಬಾತುಕೋಳಿಗೆ ನೀರಿಗೆ ಕೊಕ್ಕು ಹಾಕೋಕೇ ಆಗಲ್ಲ. ಹುಳ ತಿಂದು ಬದುಕೋ ಹಕ್ಕಿ ಅಲ್ಲಿದ್ರೆ ಸಾಯ್ಬೇಕಷ್ಟೆ. ಇಲ್ಲಿ ನಮ್ಮಲ್ಲಿ ಮಳೆ ಮುಗಿದು ಗಿಡ ಮರ ಎಲ್ಲ ಚಿಗುರಿರುತ್ತೆ, ಎಲೆಯಡಿ ಹುಳ ತುಂಬಿರುತ್ತೆ. ಹಾಗಿದ್ರೆ ಇಲ್ಲೇ ಇದ್ದುಬಿಡ್ಬೋದಲ್ಲ, ವಾಪಸ್ ಯಾಕೆ ಹೋಗ್ತಾವೆ ಅಂತ ಮಕ್ಕಳು ಖಂಡಿತ ಕೇಳ್ತಾರೆ, ಕೇಳ್ಬೇಕು ಕೂಡ. ಅಲ್ಲಿ ಬೇಸಿಗೆಯಲ್ಲಿ ಹಗಲು ಹದಿನೆಂಟು ಗಂಟೆವರೆಗೂ ಇರುತ್ತೆ, ಹುಳಗಳೆಲ್ಲ ಒಟ್ಟಿಗೇ ಏಳ್ತಾವೆ, ಮರಿಗೆ ಉಣಿಸೋಕೆ ಅಷ್ಟು ಹೊತ್ತು, ಅಷ್ಟು ಆಹಾರ ಇಲ್ಲಿ ಸಿಗಲ್ಲ, ಇಲ್ಲಿ ಜಾಗಕ್ಕೆ ಪೈಪೋಟಿನೂ ಜಾಸ್ತಿ.

ಒಂದೇ ಒಂದು ಹಕ್ಕಿನ ಹಿಡ್ಕೊಂಡು ಹೇಳ್ತೀನಿ, ಯಾಕಂದ್ರೆ ಮಕ್ಕಳಿಗೆ ಹೇಳ್ಕೊಡುವಾಗಲೂ ಐವತ್ತು ಹೆಸರು ಒದರೋದಕ್ಕಿಂತ ಒಂದನ್ನ ಪೂರ್ತಿ ಹೇಳೋದು ಒಳ್ಳೇದು ಅನ್ನೋದು ನನ್ನ ಗಟ್ಟಿ ನಂಬಿಕೆ. ಗ್ರೀನಿಶ್ ವಾರ್ಬ್ಲರ್ ಅಂತ, ಕನ್ನಡದಲ್ಲಿ ಎಲೆ ಉಲಿಯಕ್ಕಿ ಜಾತಿಯದ್ದು. ನೋಡೋಕೆ ಏನೂ ಇಲ್ಲ, ಮಾಸಲು ಹಸಿರು, ಕಣ್ಣಿನ ಮೇಲೆ ಒಂದು ಬಿಳಿ ಹುಬ್ಬು, ರೆಕ್ಕೆ ಮೇಲೆ ಸಣ್ಣ ಬಿಳಿ ಗೆರೆ, ತೂಕ ಹೆಚ್ಚುಕಮ್ಮಿ 8 ಗ್ರಾಂ, ಅಂದ್ರೆ ಎರಡು ಟೀ ಚಮಚ ಸಕ್ಕರೆಯಷ್ಟು. ಹಿಮಾಲಯದಿಂದ ಹಿಡಿದು ಸೈಬೀರಿಯಾವರೆಗಿನ ಕಾಡುಗಳಲ್ಲಿ ಮರಿ ಮಾಡೋ ಈ ಹಕ್ಕಿ ಗಣಪತಿ ಹಬ್ಬ ಕಳೆದು ದಸರಾ ಬರೋ ಹೊತ್ತಿಗೆ ನಮ್ಮ ತೋಟದ ಮರದಲ್ಲಿರುತ್ತೆ. ನೀವು ನೋಡಿಲ್ಲ ಅಂದ್ರೂ ಕೇಳಿರ್ತೀರಿ, ಎರಡು ಸ್ವರದಲ್ಲಿ ಚಿಸ್-ವೀ, ಚಿಸ್-ವೀ ಅಂತ ಬೆಳಗ್ಗಿಂದ ಸಂಜೆವರೆಗೂ ಕೂಗ್ತಾ ಇರುತ್ತೆ. ಅಷ್ಟೊಂದು ಕೂಗೋದು ಯಾಕೆ ಅಂದ್ರೆ ಅದು ಬೇರೆ ಉಲಿಯಕ್ಕಿಗಳಿಗೆ ಈ ಮರ ನಂದು, ಈ ಕಡೆ ಬರ್ಬೇಡಿ ಅಂತ ಹೇಳ್ತಾ ಇರೋದು. ಒಂದೊಂದು ಹಕ್ಕಿ ಕೆಲವೇ ಕೆಲವು ಮರಗಳನ್ನ ತನ್ನದು ಅಂತ ಇಡೀ ಚಳಿಗಾಲ ಕಾಯ್ಕೊಂಡಿರುತ್ತೆ, ಕಾಲಿಗೆ ಬಣ್ಣದ ಉಂಗುರ ಹಾಕಿ ಬಿಟ್ಟು ನೋಡಿದವರಿಗೆ ಗೊತ್ತಾಗಿದ್ದು ಏನಂದ್ರೆ ಅದೇ ಹಕ್ಕಿ ಮುಂದಿನ ವರ್ಷವೂ ಸಾವಿರಾರು ಕಿಲೋಮೀಟರ್ ಹಾರಿ ಅದೇ ಜಾಗಕ್ಕೆ ಬರುತ್ತೆ. ಏಪ್ರಿಲ್‌ವರೆಗೂ ಇಲ್ಲಿರುತ್ತೆ. ಲೆಕ್ಕ ಹಾಕಿ ನೋಡಿ, ವರ್ಷದಲ್ಲಿ ಆರೇಳು ತಿಂಗಳು ನಮ್ಮ ಹತ್ರ, ಮರಿ ಮಾಡೋ ಕಾಡಲ್ಲಿ ಸುಮಾರು ಮೂರು ತಿಂಗಳು, ಉಳಿದಿದ್ದು ದಾರಿಯಲ್ಲಿ. ಅದರ ಬದುಕಿನ ಬಹುಪಾಲು ನಡೆಯೋದು ನಿಮ್ಮ ಮನೆ ಹಿಂದಿನ ಹಲಸಿನ ಮರದಲ್ಲೋ ನಂದಿ ಮರದಲ್ಲೋ. ಆ ಮರ ಹೋದ್ರೆ ಅದರ ಅರ್ಧ ವರ್ಷದ ಮನೆನೇ ಹೋಯ್ತು ಅಂತ ಅರ್ಥ.

ಇಷ್ಟು ಸಣ್ಣ ಹಕ್ಕಿಗೆ ಹೊರಡೋ ಟೈಮ್ ಹೇಗೆ ಗೊತ್ತಾಗುತ್ತೆ ಅನ್ನೋದು ಮುಂದಿನ ಪ್ರಶ್ನೆ. ಉತ್ತರದ ಕಡೆ ಹಗಲು ಕಮ್ಮಿ ಆಗ್ತಾ ಬರೋದೇ ದೊಡ್ಡ ಸೂಚನೆ, ಅಲ್ಲಿ ಬೇಸಿಗೆ ಹಗಲಿಗೂ ಚಳಿಗಾಲದ ಹಗಲಿಗೂ ಹತ್ತು ಹನ್ನೆರಡು ಗಂಟೆ ವ್ಯತ್ಯಾಸ ಇರುತ್ತೆ. ನಮ್ಮಲ್ಲಿ ಆ ವ್ಯತ್ಯಾಸ ಬರೀ ಒಂದೂವರೆ ಗಂಟೆ ಆಸುಪಾಸು, ಹಾಗಿದ್ರೆ ಇಲ್ಲಿ ಕೂತ ಹಕ್ಕಿಗೆ ಏಪ್ರಿಲ್ ಬಂತು ಅಂತ ಹೇಗೆ ತಿಳಿಯುತ್ತೆ? ಅದಕ್ಕೆ ಮೈಯೊಳಗೇ ಒಂದು ವರ್ಷದ ಗಡಿಯಾರ ಇದೆ. ಜರ್ಮನಿಯಲ್ಲಿ ಇದೇ ಕುಟುಂಬದ ಇನ್ನೊಂದು ಉಲಿಯಕ್ಕಿನ ದಿನಾ ಸರಿಯಾಗಿ 12 ಗಂಟೆ ಬೆಳಕು 12 ಗಂಟೆ ಕತ್ತಲೆ ಇರೋ ರೂಮಲ್ಲಿ ಸಾಕಿ ನೋಡಿದ್ರು, ಹೊರಗೆ ಯಾವ ಕಾಲ ಅಂತ ಅದಕ್ಕೆ ಗೊತ್ತಾಗೋ ದಾರಿನೇ ಇರಲಿಲ್ಲ, ಆದ್ರೂ ಸಮಯಕ್ಕೆ ಪುಕ್ಕ ಬದಲಾಯಿಸ್ತು, ವಲಸೆ ಕಾಲದಲ್ಲಿ ರಾತ್ರಿಯೆಲ್ಲ ಪಂಜರದಲ್ಲಿ ಚಡಪಡಿಸ್ತು. ಹೊರಡೋಕೆ ಮುಂಚೆ ಹಕ್ಕಿಗಳು ಚೆನ್ನಾಗಿ ತಿಂದು ಕೊಬ್ಬು ಕೂಡಿಸ್ಕೊಳ್ತಾವೆ, ದೂರ ಹೋಗೋ ಕೆಲವು ಸಣ್ಣ ಹಕ್ಕಿಗಳ ತೂಕ ಹೆಚ್ಚುಕಮ್ಮಿ ಎರಡರಷ್ಟು ಆಗಿಬಿಡುತ್ತೆ. ಬಹಳಷ್ಟು ಸಣ್ಣ ಹಕ್ಕಿಗಳು ಪ್ರಯಾಣ ಮಾಡೋದು ರಾತ್ರಿ, ಗಾಳಿ ತಂಪಾಗಿ ಶಾಂತವಾಗಿರುತ್ತೆ, ಗಿಡುಗನ ಕಾಟ ಇರಲ್ಲ, ಹಗಲಲ್ಲಿ ಇಳಿದು ಮೇಯ್ಬೋದು.

ದಾರಿ ಗೊತ್ತಾಗೋದಕ್ಕೆ ಅವು ಒಂದೇ ಗುರುತು ನಂಬ್ಕೊಂಡಿಲ್ಲ. ಸೂರ್ಯ, ರಾತ್ರಿ ಆಕಾಶದಲ್ಲಿ ನಕ್ಷತ್ರ ತಿರುಗೋ ಮಧ್ಯಬಿಂದು, ಭೂಮಿಯ ಕಾಂತಕ್ಷೇತ್ರ, ಒಮ್ಮೆ ಬಂದು ಹೋದವಕ್ಕೆ ನದಿ ಬೆಟ್ಟದ ನೆನಪು, ಎಲ್ಲಾನೂ ಬಳಸ್ತಾವೆ. ಉಲಿಯಕ್ಕಿ ಮರಿಗಳು ಮೊದಲ ಸಲ ಅಪ್ಪ ಅಮ್ಮನ ಜೊತೆಗೆ ಬರೋದಲ್ಲ, ಯಾವ ದಿಕ್ಕು, ಎಷ್ಟು ದಿನ ಅನ್ನೋದು ಹುಟ್ಟುವಾಗಲೇ ಬಂದಿರುತ್ತೆ. ಇದನ್ನ ಕೇಳಿದಾಗ ಮಕ್ಕಳ ಮುಖ ನೋಡ್ಬೇಕು ನೀವು, ಯಾರೂ ತೋರಿಸ್ಕೊಡದೆ ಮೂರು ತಿಂಗಳ ಮರಿ ಇಷ್ಟು ದೂರ ಬಂತಾ ಅಂತ ಬಾಯಿ ಬಿಟ್ಕೊಂಡು ಕೂರ್ತಾರೆ.

ಉಲಿಯಕ್ಕಿ ಒಂದೇ ಅಲ್ಲ ಬರೋದು. ಬೂದು ಸಿಪಿಲೆ, ನಮ್ಮ ಕಡೆ ಕುಂಡೆಕುಸ್ಕ ಅಂತ ಕರೀತಾರಲ್ಲ, ಬಾಲ ಮೇಲೆ ಕೆಳಗೆ ಆಡಿಸ್ತಾ ಹಳ್ಳದ ಕಲ್ಲಿನ ಮೇಲೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಮನೆ ಹತ್ರ ನೀರು ಹರಿಯೋ ಕಡೆ ಓಡಾಡೋದು, ಹೊಟ್ಟೆ ಹಳದಿ ಇರುತ್ತೆ, ಇದು ಉಳಿದವಕ್ಕಿಂತ ಬೇಗ ಬರುತ್ತೆ. ಕರೆಂಟ್ ತಂತಿ ಮೇಲೆ ಸಾಲಾಗಿ ಕೂರೋ ಕವಲುತೋಕೆ, ಬೇಲಿ ಮೇಲೆ ಕೂತು ಮಿಡತೆ ಹಿಡಿಯೋ ಕಂದು ಕಳಿಂಗ, ಬೂದು ಕಾಜಾಣ. ಹಾಲುವಾಣ ಎಲೆ ಉದುರಿ ಕೆಂಪು ಹೂ ಬಿಟ್ಟಾಗ ಅದರ ಮಕರಂದಕ್ಕೆ ಇಲ್ಲಿನವೂ ಹೊರಗಿನವೂ ಒಟ್ಟಿಗೆ ಜಗಳ ಆಡೋದನ್ನ ನೋಡೋಕೆ ಎಲ್ಲೂ ಹೋಗ್ಬೇಕಾಗಿಲ್ಲ, ಕಣದಲ್ಲಿ ಕಾಫಿ ಕೈಯಾಡಿಸ್ತಾ ತಲೆ ಎತ್ತಿದ್ರೆ ಸಾಕು. ನವರಂಗ ಅಂತ ಒಂದಿದೆ, ಹೆಸರಿನ ಹಾಗೇ ಮೈಮೇಲೆ ಅಷ್ಟೂ ಬಣ್ಣ, ಆದ್ರೆ ತೋಟದ ತರಗೆಲೆ ಮೇಲೆ ಓಡಾಡೋದ್ರಿಂದ ಕಾಣೋದು ಕಷ್ಟ, ಬೆಳಗಿನ ಜಾವ ಮತ್ತೆ ಮುಸ್ಸಂಜೆ ಸಿಳ್ಳೆ ಹಾಕುತ್ತೆ. ಅದು ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಡೆಯಿಂದ ರಾತ್ರಿ ಹಾರಿ ಬರುವಾಗ ಲೈಟಿಗೆ ದಿಕ್ಕು ತಪ್ಪಿ ಮನೆಯೊಳಗೆ ನುಗ್ಗಿ ಗೋಡೆಗೆ ಕಿಟಕಿಗೆ ಬಡ್ಕೊಳ್ಳೋದುಂಟು. ಹಾಗೆ ಸಿಕ್ಕಿದ್ರೆ ನೀರು ಕುಡಿಸೋಕೆ, ಫೋಟೋ ತೆಗೆಯೋಕೆ ಹೋಗ್ಬೇಡಿ, ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿ ಸುಮ್ನೆ ಬಿಟ್ಟು, ಸುಧಾರಿಸ್ಕೊಂಡ ಮೇಲೆ ಗಿಡ ಇರೋ ಕಡೆ ಬಿಡಿ, ಗಾಯ ಆಗಿದ್ರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಪ್ರಯಾಣ ಮಾಡೋದು ಹಕ್ಕಿ ಮಾತ್ರ ಅನ್ಕೋಬೇಡಿ. ಏರೋಪ್ಲೇನ್ ಚಿಟ್ಟೆ ಅಂತೀವಲ್ಲ, ಅದರಲ್ಲಿ ಹಳದಿ ಮೈಯದೊಂದು ಜಾತಿ ಮಳೆಗಾಲ ಮುಗಿದ ಮೇಲೆ ಗಾಳಿ ಹಿಡ್ಕೊಂಡು ಮಾಲ್ಡೀವ್ಸ್ ಮೇಲಿಂದ ಹಿಂದೂ ಮಹಾಸಾಗರ ದಾಟಿ ಆಫ್ರಿಕಾ ಕಡೆಗೆ ಹೋಗುತ್ತೆ. ಬ್ಲೂ ಟೈಗರ್, ಕ್ರೋ ಜಾತಿಯ ಚಿಟ್ಟೆಗಳು ಮುಂಗಾರಿಗೆ ಮುಂಚೆ ಘಟ್ಟ ಬಿಟ್ಟು ಪೂರ್ವದ ಬಯಲಿಗೆ ಹೋಗಿ ಅಕ್ಟೋಬರ್ ನವೆಂಬರ್ ಹೊತ್ತಿಗೆ ವಾಪಸ್ ಘಟ್ಟಕ್ಕೆ ಬರ್ತಾವೆ.

ಕೆರೆ ಕಡೆಗೆ ಬಂದ್ರೆ ಅದೇ ಬೇರೆ ಲೋಕ. ಸಖರಾಯಪಟ್ಟಣದ ಹತ್ರ ಅಯ್ಯನಕೆರೆ, ಊರ ಪಕ್ಕದ ಹಿರೇಕೊಳಲೆ ಕೆರೆ, ಕಡೂರು ಕಡೆ ಮದಗದ ಕೆರೆ, ಹಾಸನ ಜಿಲ್ಲೆಗೆ ಹೋದ್ರೆ ಬೇಲೂರಿನ ಯಗಚಿ, ಗೊರೂರಿನ ಹೇಮಾವತಿ ಹಿನ್ನೀರು, ಹಳೇಬೀಡಿನ ದ್ವಾರಸಮುದ್ರ. ಅಂಚಿನ ಕೆಸರಲ್ಲಿ ಗೊರವಗಳು, ನೀರಿನ ನಡುವೆ ಬಾತುಗಳು. ಇವೆಲ್ಲ ಮಧ್ಯ ಏಷ್ಯಾದ ಹಾರುದಾರಿ ಅಂತ ಕರೆಯೋ ದಾರಿಯಲ್ಲಿ ಬರೋವು, ಅದು ಸುಮಾರು 30 ದೇಶಗಳ ಮೇಲೆ ಹಾದು ಹೋಗುತ್ತೆ, 182 ಜಾತಿಯ ವಲಸೆ ನೀರುಹಕ್ಕಿಗಳು ಇದನ್ನ ಬಳಸ್ತಾವೆ. ಹಿಮಾಲಯದ ಮೇಲೆ ಹಾರೋ ಪಟ್ಟೆತಲೆ ಹೆಬ್ಬಾತು ಗದಗದ ಮಾಗಡಿ ಕೆರೆ, ಮೈಸೂರು ಕಡೆ ಹದಿನಾರು ಅನ್ನೋ ಊರಿನ ಕೆರೆಗೆ ಬರುತ್ತೆ, ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ಹಾಕಿ ಬಿಟ್ಟಿದ್ದು ಕರ್ನಾಟಕದ ಕೆರೆಯಲ್ಲಿ ಕಂಡಿದ್ದೂ ಇದೆ. ಮಾಗಡಿ ಕೆರೆಗೆ 2024ರಲ್ಲಿ ರಾಮ್ಸರ್ ಪಟ್ಟ, ಅಂದ್ರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅನ್ನೋ ಮಾನ್ಯತೆ, ಸಿಕ್ತು.

ಇನ್ನು ಕೆಲವು ಹಕ್ಕಿಗಳಿಗೆ ಚಳಿಗಾಲ ಅಂದ್ರೆ ಮನೆ ಕಟ್ಟೋ ತಯಾರಿ. ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರು ಇಳೀತಾ ಬಂದ ಹಾಗೆ ನಡುವೆ ಗುಡ್ಡಗಳು ತಲೆ ಎತ್ತುತ್ತಾವಲ್ಲ, ನದಿ ರೀವ ಅನ್ನೋ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಅಲ್ಲಿ ಸೇರ್ತಾವೆ, ಆಮೇಲೆ ಬರೀ ನೆಲದ ಮೇಲೆ ಮೊಟ್ಟೆ ಇಡ್ತಾವೆ. ಸುತ್ತ ನೀರು ಇರೋದ್ರಿಂದ ನರಿ, ಬೆಕ್ಕು ಬರಲ್ಲ. ಬೋಟು ತೀರಾ ಹತ್ರ ಹೋದ್ರೆ ಹಕ್ಕಿ ಏಳುತ್ತೆ, ಮೊಟ್ಟೆ ಬಿಸಿಲಿಗೆ ಬೇಯುತ್ತೆ, ಅದಕ್ಕೇ ದೂರ ಇರ್ಬೇಕು ಅನ್ನೋದು.

ಈಗ ತೋಟದ ವಿಷಯ, ಯಾಕಂದ್ರೆ ನಮ್ಮ ಜಿಲ್ಲೆಯಲ್ಲಿ ಇದು ಬರೀ ಹಕ್ಕಿ ಪ್ರೀತಿ ಇರೋರ ಮಾತಲ್ಲ. ನೆರಳಲ್ಲಿ ಕಾಫಿ ಬೆಳೆಯೋದ್ರಿಂದಲೇ ಇಷ್ಟು ಹಕ್ಕಿಗೆ ಇಲ್ಲಿ ಜಾಗ ಸಿಕ್ಕಿದೆ. ಅತ್ತಿ, ಬಸರಿ, ಹಲಸು, ನಂದಿ, ಮತ್ತಿ ಹೀಗೆ ಊರಿನ ಮರಗಳು ಇರೋ ತೋಟದಲ್ಲಿ ಎಲೆಯಲ್ಲಿ ಹುಳ ಇರುತ್ತೆ, ಹಣ್ಣು ಇರುತ್ತೆ, ಪೊಟರೆ ಇರುತ್ತೆ. ಅವನ್ನೆಲ್ಲ ಕಡಿದು ಬರೀ ಸಿಲ್ವರ್ ಓಕ್ ಮಾಡಿದ ತೋಟದಲ್ಲಿ ಅಷ್ಟು ಸಿಗಲ್ಲ. ಸಿಲ್ವರ್ ಓಕ್‌ಗೆ ಮೆಣಸು ಹಬ್ಬಿಸ್ತೀವಿ, ಕಡಿದು ಮಾರೋಕೆ ಪರ್ಮಿಷನ್ ತಾಪತ್ರಯ ಕಮ್ಮಿ, ಬೆಳೆಗಾರರ ಕಷ್ಟ ನನಗೆ ಗೊತ್ತು. ಆದ್ರೆ ಇದನ್ನೂ ಕೇಳಿ, ಜಮೈಕಾದ ಬ್ಲೂ ಮೌಂಟನ್ ಕಾಫಿ ತೋಟಗಳಲ್ಲಿ ಕೆಲವು ಗಿಡಕ್ಕೆ ಬಲೆ ಹಾಕಿ ಹಕ್ಕಿ ಬರದ ಹಾಗೆ ಮಾಡಿದ್ರು, ಆ ಗಿಡಗಳಲ್ಲಿ ಕಾಫಿ ಹಣ್ಣು ಕೊರೆಯೋ ಹುಳ, ಬೆರ್ರಿ ಬೋರರ್, ಜಾಸ್ತಿ ಆಯ್ತು. ಬೋರರ್ ತಿನ್ನೋ ಕೆಲಸ ಅಲ್ಲಿ ಮುಖ್ಯವಾಗಿ ಮಾಡ್ತಿದ್ದಿದ್ದು ಚಳಿಗಾಲಕ್ಕೆ ಉತ್ತರ ಅಮೆರಿಕದಿಂದ ಬರೋ ವಾರ್ಬ್ಲರ್‌ಗಳು. ಬೋರರ್‌ನಿಂದ ತಲೆ ಚಚ್ಕೊಳ್ಳೋ ನಮಗೆ ಇದಕ್ಕಿಂತ ಹತ್ರದ ವಿಷಯ ಯಾವುದಿದೆ ಹೇಳಿ? ಮರಗಸಿ ಮಾಡುವಾಗ, ಅಂದ್ರೆ ನೆರಳಿನ ಮರದ ಕೊಂಬೆ ಸವರುವಾಗ, ಎಲ್ಲಾ ಮರಾನೂ ಒಂದೇ ಸಲ ಬೋಳು ಮಾಡದೆ ಅಲ್ಲಲ್ಲಿ ಬಿಟ್ಕೊಂಡು ಹೋಗೋದು, ಹಣ್ಣು ಬಿಟ್ಟಿರೋ ಅತ್ತಿ ಬಸರಿಗೆ ಕೈ ಹಾಕದೆ ಇರೋದು, ಇಷ್ಟಕ್ಕೆ ಖರ್ಚೇನೂ ಇಲ್ಲ.

ಇದನ್ನೆಲ್ಲ ಊರಿನವರಿಗೆ, ಮಕ್ಕಳಿಗೆ ದಾಟಿಸೋದು ಹೇಗೆ ಅಂದ್ರೆ ಮೊದಲು ಬಸ್ಸು ಮಾಡ್ಕೊಂಡು ಮುಳ್ಳಯ್ಯನಗಿರಿಗೆ ಕರ್ಕೊಂಡು ಹೋಗೋ ಯೋಚನೆ ಬಿಡಿ. ಒಂದು ಜಾಗ ಆರಿಸ್ಕೊಳ್ಳಿ, ಶಾಲೆ ಹಿಂದಿನ ಕೆರೆ ಏರಿ, ದೇವರ ಬನದ ಅಂಚು, ಗದ್ದೆ ಬಯಲು, ಯಾವುದಾದ್ರೂ ಸರಿ, ಪ್ರತಿ ವಾರ ಅಲ್ಲಿಗೇ ಹೋಗಿ. ಒಂದು ಸಲ ಹೋಗಿ ಬಂದ್ರೆ ಅದು ಪಿಕ್ನಿಕ್. ಹೋದ ವಾರ ಇದ್ದಿದ್ದು ಈ ವಾರ ಇಲ್ಲ, ಹೋದ ವಾರ ಮೂರಿತ್ತು ಈ ವಾರ ಮೂವತ್ತಿದೆ ಅಂತ ಮಕ್ಕಳೇ ಹೇಳೋಕೆ ಶುರು ಮಾಡಿದಾಗ ಕಲಿಕೆ ಶುರುವಾಗುತ್ತೆ. ಬೈನಾಕ್ಯುಲರ್ ಒಂದಿದ್ರೆ ಸಾಕು, ಅದೂ ಇಲ್ಲ ಅಂದ್ರೆ ಕಿವಿ ಇದೆ. ಮೊದಲ ಹತ್ತು ನಿಮಿಷ ಎಲ್ಲರೂ ಕಣ್ಣು ಮುಚ್ಕೊಂಡು ಕೂತು ಎಷ್ಟು ಥರ ಸದ್ದು ಕೇಳ್ತು ಅಂತ ಬೆರಳಲ್ಲಿ ಎಣಿಸೋದು, ಇದು ನಾನು ಕಂಡ ಹಾಗೆ ಎಂಥಾ ಗಲಾಟೆ ಮಕ್ಕಳನ್ನೂ ಕೂರಿಸುತ್ತೆ.

ಹೊತ್ತು ಆರಿಸ್ಕೊಳ್ಳೋದಕ್ಕೂ ಒಂದು ಲೆಕ್ಕ ಇದೆ. ಮೋಡ ಇಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗಿಬಿಡುತ್ತೆ, ತಣ್ಣಗಾದ ಗಾಳಿ ಭಾರ, ಅದು ಗುಡ್ಡದಿಂದ ಜಾರಿ ಗದ್ದೆ ಬಯಲಲ್ಲಿ ತುಂಬ್ಕೊಳುತ್ತೆ, ಅದಕ್ಕೇ ಬೆಳಿಗ್ಗೆ ಗದ್ದೆಯಲ್ಲಿ ಮಂಜು ಕವಿದು ನಡುಕ ಬರ್ತಿದ್ರೆ ಸ್ವಲ್ಪ ಮೇಲಿರೋ ತೋಟದಲ್ಲಿ ಅಷ್ಟು ಚಳಿ ಇರಲ್ಲ. ಹುಳಗಳು ಮೈ ಬಿಸಿ ಆಗೋವರೆಗೂ ಅಲ್ಲಾಡಲ್ಲ, ಹುಳ ಅಲ್ಲಾಡದಿದ್ರೆ ಹಕ್ಕಿಗೂ ಕೆಲಸ ಇಲ್ಲ. ಹಾಗಾಗಿ ಐದೂವರೆಗೇ ಮಕ್ಕಳನ್ನ ಎಬ್ಬಿಸಿ ಹಿಂಸೆ ಕೊಡ್ಬೇಡಿ. ಏಳು ಏಳೂವರೆ ಮೇಲೆ ಪೂರ್ವಕ್ಕೆ ಮುಖ ಮಾಡಿರೋ ತೋಟದ ಅಂಚಿಗೆ ಹೋಗಿ, ಮೊದಲ ಬಿಸಿಲು ಬೀಳೋ ಮರಕ್ಕೆ ಎಲ್ಲಾ ಹಕ್ಕಿಗಳೂ ಬಂದಿರ್ತಾವೆ.

ಪುಸ್ತಕದ ಹೆಸರು ಗೊತ್ತಿಲ್ಲದಿದ್ರೆ ಚಿಂತೆ ಇಲ್ಲ, ಊರಿನ ಅಜ್ಜಿಯರನ್ನ, ಮೇಸ್ತ್ರಿಯನ್ನ, ದನ ಕಾಯೋರನ್ನ ಜೊತೆಗೆ ಕರ್ಕೊಂಡು ಹೋಗಿ, ಯಾವ ಹಕ್ಕಿ ಕೂಗಿದ್ರೆ ಮಳೆ ನಿಂತ ಹಾಗೆ, ಯಾವುದು ಯಾವ ಹಣ್ಣು ತಿನ್ನುತ್ತೆ ಅಂತ ಅವರ ಹತ್ರ ಇರೋ ತಿಳುವಳಿಕೆ ಯಾವ ಆ್ಯಪಲ್ಲೂ ಇಲ್ಲ. ಮಕ್ಕಳು ಅದನ್ನ ಬರ್ಕೊಳ್ಳಲಿ. ತೋಟದ ಕೆಲಸದವರು ಇರೋ ಲೈನ್ ಮನೆ ಮಕ್ಕಳನ್ನ ಮರೀಬೇಡಿ, ಇದು ನಾನು ತುಂಬಾ ಆಸೆಯಿಂದ ಕೇಳ್ಕೊಳ್ಳೋದು. ಕೊಯ್ಲಿಗೆ ಅಂತ ಅಸ್ಸಾಂ ಕಡೆಯಿಂದ ಬಂದಿರೋ ಮನೆಯವರ ಮಕ್ಕಳು ಇದೇ ತಿಂಗಳುಗಳಲ್ಲಿ ಇಲ್ಲಿರ್ತಾರೆ, ಭಾಷೆ ಬರಲ್ಲ ಅಂತ ಮೂಲೆಯಲ್ಲಿ ನಿಂತಿರ್ತಾರೆ, ಹಕ್ಕಿ ತೋರಿಸೋಕೆ ಭಾಷೆ ಬೇಡ, ಅವರ ಊರಲ್ಲಿ ಅದಕ್ಕೆ ಏನಂತಾರೆ ಅಂತ ಕೇಳಿದ್ರೆ ಕಣ್ಣು ಅರಳುತ್ತೆ.

ಎರಡು ಅಪಾಯ ಮಾತ್ರ ಗಟ್ಟಿಯಾಗಿ ನೆನಪಿಡ್ಬೇಕು. ಒಂದು ಆನೆ. ಮೂಡಿಗೆರೆ, ಸಕಲೇಶಪುರ, ಆಲೂರು, ಬೇಲೂರು ಕಡೆ ಭತ್ತ ಬಲಿತು ಕೊಯ್ಲಾಗೋ ಈ ಹೊತ್ತಲ್ಲೇ ಅವು ಗದ್ದೆಗೆ ಬರ್ತಾವೆ, ಹಗಲು ತೋಟದೊಳಗೆ ನಿಂತಿರ್ತಾವೆ. ಹಿಂದಿನ ರಾತ್ರಿ ಎಲ್ಲಿದ್ವು ಅಂತ ಊರಿನ ವಾಟ್ಸಾಪ್ ಗ್ರೂಪಲ್ಲಿ, ಫಾರೆಸ್ಟ್‌ನವರ ಹತ್ರ ಕೇಳದೆ ಮಕ್ಕಳನ್ನ ತೋಟಕ್ಕೆ ಇಳಿಸ್ಲೇಬೇಡಿ, ಮಂಜು ಇದ್ರೆ ಕೆರೆ ಏರಿಯಲ್ಲೇ ನಿಲ್ಲಿ. ಇನ್ನೊಂದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾಗಿದ್ದು, ನಮ್ಮ ಕೊಪ್ಪ, ಎನ್.ಆರ್.ಪುರ, ಶೃಂಗೇರಿ ಕಡೆಯೂ ಬರುತ್ತೆ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ, ಯಾಕಂದ್ರೆ ಅದನ್ನ ಹರಡೋ ಉಣ್ಣೆಯ (ಉಣುಗು) ಮರಿಗಳು ಒಣ ತರಗೆಲೆಯಲ್ಲಿ ಇರೋದು ಆಗಲೇ. ಆ ಭಾಗದಲ್ಲಿ ತರಗೆಲೆ ಮೇಲೆ ಕೂರಿಸ್ಬೇಡಿ, ತುಂಬು ತೋಳು, ಉದ್ದ ಪ್ಯಾಂಟು, ಉಣ್ಣೆ ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡೋ ಡೆಪಾ ಎಣ್ಣೆ ಕೈಕಾಲಿಗೆ, ಮನೆಗೆ ಬಂದ ಮೇಲೆ ಬಿಸಿನೀರು ಸ್ನಾನ, ಮೈಮೇಲೆ ಉಣ್ಣೆ ಇದೆಯಾ ನೋಡೋದು. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ತಕ್ಷಣ ತಿಳಿಸ್ಬೇಕು. ಮಂಗನ ಕಾಯಿಲೆ ಕೇಸ್ ಬಂದಿರೋ ಊರಲ್ಲಿ ಆ ವರ್ಷ ಕಾಡಂಚಿನ ನಡಿಗೆನೇ ಬೇಡ, ಶಾಲೆ ಅಂಗಳದಲ್ಲೇ ಮಾಡಿ.

ಹಕ್ಕಿ ಹತ್ರ ಬರ್ಲಿ ಅಂತ ಮೊಬೈಲಲ್ಲಿ ಅದರದ್ದೇ ಕೂಗು ಹಾಕೋ ಅಭ್ಯಾಸ ಈಗ ಜಾಸ್ತಿ ಆಗಿದೆ, ದಯವಿಟ್ಟು ಬೇಡ. ಆಗಲೇ ಹೇಳಿದ್ನಲ್ಲ, ಅದು ಮರ ಕಾಯ್ತಾ ಇರೋದು, ಇನ್ಯಾರೋ ಬಂದ್ರು ಅನ್ಕೊಂಡು ಮೇಯೋದು ಬಿಟ್ಟು ಹುಡುಕಾಡುತ್ತೆ.

ಊರವರೆಲ್ಲ ಸೇರಿದ್ರೆ ಏನಾಗ್ಬೋದು ಅನ್ನೋದಕ್ಕೆ ಮದ್ದೂರು ಹತ್ರದ ಕೊಕ್ಕರೆ ಬೆಳ್ಳೂರು ಇದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎಲ್ಲ ಚಳಿಗಾಲದಲ್ಲಿ ಬಂದು ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ತಾವೆ, ವಾಸನೆ, ಗಲೀಜು ಎಲ್ಲ ಸಹಿಸ್ಕೊಂಡು ಜನ ತಲೆಮಾರುಗಳಿಂದ ಅವನ್ನ ಮನೆ ಮಗಳು ತವರಿಗೆ ಬಂದ ಹಾಗೆ ನೋಡ್ಕೊಂಡಿದ್ದಾರೆ. ಹಿಕ್ಕೆ ಗದ್ದೆಗೆ ಗೊಬ್ಬರ ಆಗುತ್ತೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯ್ತು, ಆದ್ರೆ ಜನ ಕಾಯ್ತಾ ಇದ್ದಿದ್ದು ಅದಕ್ಕಿಂತ ಎಷ್ಟೋ ಮುಂಚಿಂದ.

ಬರೆದಿದ್ದನ್ನ ಏನ್ಮಾಡೋದು? ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತೆ, ನಿಮ್ಮ ಕೆರೆಯನ್ನೂ ಸೇರಿಸ್ಬೋದು. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್, ಕನಿಷ್ಠ 15 ನಿಮಿಷ ಒಂದು ಕಡೆ ನೋಡಿ ಕಂಡಿದ್ದನ್ನೆಲ್ಲ ಹಕ್ಕಿ ಪಟ್ಟಿ ಸೇರಿಸೋ ಆ್ಯಪ್ ಇ-ಬರ್ಡ್‌ಗೆ ಹಾಕಿದ್ರೆ ಆಯ್ತು. ದೊಡ್ಡ ಹಿಂಡು ಎಣಿಸೋದು ಹೇಗೆ ಅಂದ್ರೆ ಮೊದಲು ಹತ್ತು ಎಣಿಸಿ ಅದು ಎಷ್ಟು ಜಾಗ ಹಿಡೀತು ನೋಡಿ, ಅಂಥ ಎಷ್ಟು ತುಂಡು ಇದೆ ಅಂತ ಲೆಕ್ಕ ಹಾಕಿ. ಹೀಗೆ ಸುಮಾರು 30,000 ಜನ ಹಾಕಿದ ಪಟ್ಟಿಗಳಿಂದಲೇ 2023ರಲ್ಲಿ ದೇಶದ 942 ಜಾತಿ ಹಕ್ಕಿಗಳ ಸ್ಥಿತಿ ಲೆಕ್ಕ ಹಾಕೋಕೆ ಆಯ್ತು, ಅದರಲ್ಲಿ 178 ಜಾತಿಗೆ ತುರ್ತು ಗಮನ ಬೇಕು ಅಂತ ಗೊತ್ತಾಯ್ತು, ದೂರದಿಂದ ವಲಸೆ ಬರೋವು ಕಮ್ಮಿ ಆಗ್ತಿರೋದೂ ಗೊತ್ತಾಯ್ತು. ಪಟ್ಟಿ ಜಾಸ್ತಿ ಬರೋದು ಪೇಟೆಗಳ ಸುತ್ತ, ತೋಟದೊಳಗಿನ ಹಳ್ಳಿ ಶಾಲೆಯಿಂದ ಬರೋ ಒಂದು ಪಟ್ಟಿಗೂ ಬೆಲೆ ಇದೆ. ಏನೂ ಕಾಣದ ದಿನವನ್ನೂ ಬರೀರಿ, ಬರದೇ ಇದ್ದಿದ್ದೂ ಮಾಹಿತಿನೇ.

ಮಾರ್ಚಿಗೆ ನಡಿಗೆ ನಿಲ್ಲಿಸ್ಬೇಡಿ, ಹೂಮಳೆ ಬಿದ್ದು ಕಾಫಿ ಹೂವಾದ ಮೇಲೂ ಉಲಿಯಕ್ಕಿ ಇರುತ್ತೆ. ಒಂದು ಮರಕ್ಕೆ ಒಂದು ಮಗುವನ್ನ ಗೊತ್ತು ಮಾಡಿ, ಏಪ್ರಿಲ್‌ನಲ್ಲಿ ಕೊನೆ ಸಲ ಕೂಗು ಕೇಳಿದ ತಾರೀಖು, ಮಳೆಗಾಲ ಕಳೆದ ಮೇಲೆ ಮೊದಲ ಸಲ ಕೇಳಿದ ತಾರೀಖು, ಎರಡನ್ನೂ ಶಾಲೆ ಗೋಡೆ ಮೇಲೆ ಮರದ ಹೆಸರಿನ ಪಕ್ಕ ಬರೆಸಿ, ಮುಂದಿನ ವರ್ಷದ ಮಕ್ಕಳು ಅದರ ಕೆಳಗೆ ಬರೀತಾ ಹೋಗ್ಲಿ.